ವರ್ಷ ತುಂಬದವು ಲೆಕ್ಕಕ್ಕಿಲ್ಲ

ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ಅದರ ನಾಲ್ಕು ಮರಿ ವಿಷ ತಿಂದು ಸತ್ತ ಮೇಲೆ ಅರಣ್ಯ ಇಲಾಖೆಯನ್ನು ಬೈಯದವರೇ ಇಲ್ಲ. ನನಗ್ಯಾಕೋ ಇದು ಅನ್ಯಾಯ ಅನ್ನಿಸುತ್ತದೆ. ಹುಲಿ ಗಣತಿಯಲ್ಲಿ ವರ್ಷ ತುಂಬದ ಮರಿಗಳು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ವನ್ಯಧಾಮ ಕಳಕೊಂಡದ್ದು ಐದಲ್ಲ, ಒಂದು. 2022ರ ಗಣತಿಯಲ್ಲಿ ರಾಜ್ಯಕ್ಕೆ ಸಿಕ್ಕ 563ರಲ್ಲಿ ಒಂದು ಕಳೆಯಿರಿ. ಅಷ್ಟಕ್ಕೆ ಇಷ್ಟು ರಂಪವೇ?

ಲೆಕ್ಕದಲ್ಲಿ ನಮ್ಮನ್ನು ಮೀರಿಸುವವರುಂಟೆ? 2018ರ ಗಣತಿ ಗಿನ್ನೆಸ್ ದಾಖಲೆಗೇ ಸೇರಿತು. ದೇಶದಲ್ಲಿ 26,838 ಕಡೆ ಕ್ಯಾಮೆರಾ, ಹತ್ತಿರಹತ್ತಿರ ಮೂರೂವರೆ ಕೋಟಿ ಫೋಟೊ. ಅದರಲ್ಲಿ ಹುಲಿ ಇದ್ದದ್ದು 76,651ರಲ್ಲಿ. ಮಿಕ್ಕವುಗಳಲ್ಲಿ ಚಿರತೆ, ಕಡವೆ, ಊರ ದನ, ಗಾಳಿಗೆ ಅಲ್ಲಾಡಿದ ಹುಲ್ಲು. ಆ ಹುಲ್ಲೂ ದಾಖಲೆಯಲ್ಲಿ ಪಾಲುದಾರನೇ. ಆ ಸಲ ಮಧ್ಯಪ್ರದೇಶಕ್ಕೆ 526, ನಮಗೆ 524. ಎರಡೇ ಎರಡು! ಕೊನೇ ಓವರಿನಲ್ಲಿ ಪಂದ್ಯ ಬಿಟ್ಟುಕೊಟ್ಟವರ ಹಾಗೆ ಎಷ್ಟು ಕೊರಗಿದೆವು.

ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ; ಪಟ್ಟೆ ನೋಡಿ ಗುರುತು ಹಿಡಿದು ನಂಬರ್ ಕೊಡುತ್ತೇವೆ. ಗಸ್ತಿಗೆ ಎಂ-ಸ್ಟ್ರೈಪ್ಸ್ ಎಂಬ ಆ್ಯಪ್ ಇದೆ. ಸಿಬ್ಬಂದಿ ಯಾವ ಹಳ್ಳ ದಾಟಿದರು, ಯಾವ ದಿಣ್ಣೆ ಹತ್ತಿದರು, ಎಲ್ಲ ನಕ್ಷೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಉಂಡರೋ ಇಲ್ಲವೋ ಎಂಬುದಕ್ಕೆ ಮಾತ್ರ ಗೆರೆ ಇಲ್ಲ.

ಇಲ್ಲದೇ ಹೋದದ್ದಕ್ಕೇ ಈ ಗತಿ. ಹುಲಿಗಳು ಸತ್ತ ಹೊತ್ತಿಗೆ ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. ಕೆಲವೇ ದಿನ ಮುಂಚೆ ಸಂಬಳ ಕೊಡಿ ಎಂದು ಪ್ರತಿಭಟನೆಗೆ ಕೂತಿದ್ದರು. ಏಪ್ರಿಲ್‌ನಲ್ಲಿ ಇಡೀ ಸಚಿವ ಸಂಪುಟ ಇದೇ ಬೆಟ್ಟಕ್ಕೆ ಬಂದು ಸಭೆ ನಡೆಸಿತ್ತಲ್ಲ? ಹುಲಿ ಏರಿದ ಮಾದಪ್ಪನ ದರ್ಶನವೂ ಆಯಿತು. ಕಾಡು ಕಾಯುವವರ ದರ್ಶನ ಯಾರಿಗೂ ಆಗಲಿಲ್ಲ.

ಸತ್ತ ಹಸುವಿನ ಮೈಗೆ ವಿಷ ಹಾಕಿದವರನ್ನು ಹಿಡಿದರು, ಸರಿ. ಆದರೆ ಹಸುವನ್ನು ಹುಲಿ ಹಿಡಿದ ಸುದ್ದಿ ಮೊದಲು ಮುಟ್ಟುವುದು ವಾಚರ್‌ಗೆ. ಅವನು ಅದೇ ಸೀಮೆಯವನು. ಸಿಟ್ಟಾದವನ ಹೆಗಲ ಮೇಲೆ ಕೈಯಿಟ್ಟು ‘ತಡಿಯಣ್ಣ, ಪರಿಹಾರಕ್ಕೆ ಅರ್ಜಿ ಹಾಕೋಣ’ ಅನ್ನಬಲ್ಲವನು ಅವನೊಬ್ಬನೇ. ತನ್ನ ಸಂಬಳವೇ ಬಾರದವನು ಸರ್ಕಾರದ ಪರಿಹಾರ ಬರುತ್ತದೆ ಎಂದರೆ ಯಾರು ನಂಬುತ್ತಾರೆ? ಕ್ಯಾಮೆರಾಕ್ಕೆ ಬ್ಯಾಟರಿ ಹಾಕಲು ನೆನಪಿರುವವರಿಗೆ ಇದೊಂದು ಹೊಳೆಯುವುದಿಲ್ಲ ಎಂದರೆ, ಸಾಕು ಸ್ವಾಮಿ, ಬರೆದೂ ಸಾಕಾಗಿದೆ.

ಉನ್ನತ ಮಟ್ಟದ ಸಮಿತಿ ಆಯಿತು. ಅಕ್ಟೋಬರ್‌ನಲ್ಲಿ ಅದೇ ವನ್ಯಧಾಮದ ಹನೂರು ವಲಯದಲ್ಲಿ ಕಡಿದು ಹಾಕಿದ ಇನ್ನೊಂದು ಹುಲಿ ಸಿಕ್ಕಿತು. ಅದಕ್ಕೂ ತನಿಖೆ ಆಯಿತು.