ತಮ್ಮನ ಹನ್ನೊಂದೂವರೆ

ನೆದರ್ಲೆಂಡ್ಸಿನ ಆಮ್‌ಸ್ಟಲ್‌ವೇನ್‌ಗೆ ಬಂದ ಹೊಸದರಲ್ಲಿ ಡಚ್ಚರ 'ನೇ' (ಅಂದರೆ 'ಇಲ್ಲ') ಕೇಳಿ ಮನಸ್ಸು ಮುದುಡುತ್ತಿತ್ತು. ಊಟಕ್ಕೆ ಕರೆದರೆ ಡೈರಿ ತೆಗೆದು ನೋಡಿ, "ಇಲ್ಲ, ಈ ತಿಂಗಳು ಆಗಲ್ಲ" ಅನ್ನುತ್ತಾರೆ. ಕಾರಣ ಹೇಳುವುದಿಲ್ಲ. ನಾವಾದರೆ "ನೋಡೋಣ" ಅಂತೀವಿ; ಅದರರ್ಥ ಇಬ್ಬರಿಗೂ ಗೊತ್ತಿರುತ್ತದೆ. ಕ್ರಮೇಣ ನಾನೂ ಕಲಿತೆ. ಸಂಜೆ 6ರ ಮೇಲೆ ಆಫೀಸಿನ ಫೋನು ಎತ್ತುವುದನ್ನು ಬಿಟ್ಟೆ.

ಕಳೆದ ಚಳಿಗಾಲದಲ್ಲಿ ಒಂದು ದಿನ ಊಟ ಮುಗಿಸಿ 7 ಗಂಟೆಗೆ ಅರಸೀಕೆರೆಗೆ ಫೋನು ಮಾಡಿದೆ. ಅಮ್ಮನ ಶುಗರ್ ರಿಪೋರ್ಟ್ ಬಂತಾ ಅಂತ ಕೇಳಬೇಕಿತ್ತು. ತಮ್ಮನ ಹೆಂಡತಿ ಎತ್ತಿ ಪಿಸುದನಿಯಲ್ಲಿ ಕೇಳಿದಳು: "ಭಾವ, ಅವರು ಮಲಗಿದಾರೆ. ಎಬ್ಬಿಸ್ಲಾ?"

ಚಳಿಗಾಲದಲ್ಲಿ ಊರಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಹನ್ನೊಂದೂವರೆ. ಬೆಳಿಗ್ಗೆ ಐದೂವರೆಗೆ ಅಂಗಡಿ ಬಾಗಿಲು ತೆಗೆಯುವವನನ್ನು ವರ್ಷಗಟ್ಟಲೆ ಆ ಹೊತ್ತಿಗೆ ಎಬ್ಬಿಸಿದ್ದೇನೆ. "ಡಾಕ್ಟ್ರ ಹತ್ರ ಯಾಕೆ ಹೋಗ್ಲಿಲ್ಲ? ಮಾತ್ರೆ ಯಾಕೆ ಬದಲಾಯಿಸಿದ್ರಿ?" ಒಮ್ಮೆಯೂ ಅವನು ಎದುರಾಡಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾಳಜಿ ಎಂದುಕೊಂಡಿದ್ದರ ಒಳಗೆ ಇದ್ದದ್ದು ಅಮ್ಮನನ್ನು ಬಿಟ್ಟು ಬಂದ ಅಳುಕು. ಅದನ್ನು ಹೊರಲಾರದೆ, ಪ್ರಶ್ನೆ ಕೇಳಿ ಕೇಳಿ ತಮ್ಮನ ತಲೆಗೆ ಹೊರಿಸುತ್ತಿದ್ದೆ. ತಿಂಗಳು ತಿಂಗಳು ದುಡ್ಡು ಕಳಿಸುತ್ತೇನೆ, ಕೇಳುವ ಹಕ್ಕಿದೆ ಎಂಬ ಗತ್ತೂ ಇತ್ತು. ಇಷ್ಟನ್ನು ಒಪ್ಪಿಕೊಳ್ಳಲು ವಾರ ಹಿಡಿಯಿತು.

ಊರಿನವರು ಸಂಬಳ ಕೇಳ್ತಾರೆ, ಮಗು ಯಾವಾಗ ಅಂತಾರೆ ಎಂದು ಹೊರನಾಡಿನ ನಾವು ದೂರುತ್ತೇವೆ. ದೂರು ಸುಳ್ಳಲ್ಲ. ಆದರೆ ನಮ್ಮ ಬೇಲಿ ಗಟ್ಟಿ ಮಾಡುವ ಮೊದಲು ಯಾರ ಹೊಲ ತುಳಿಯುತ್ತಿದ್ದೇವೆ ಅಂತ ನೋಡಿಕೊಳ್ಳಬೇಡವೇ? ಡಚ್ಚರಿಂದ ನಾನು ಅರ್ಧ ಮಾತ್ರ ಕಲಿತಿದ್ದೆ. ನನ್ನ ಸಹೋದ್ಯೋಗಿಗಳು ಫೋನು ಮಾಡಿದರೆ "ಈಗ ಮಾತಾಡಬಹುದಾ?" ಎಂದೇ ಶುರು ಮಾಡುತ್ತಾರೆ. ನಮ್ಮ ಮನೆಯಲ್ಲಿ ಅಣ್ಣನಿಗೆ ಇಲ್ಲ ಅನ್ನುವ ರೂಢಿಯಿಲ್ಲ; ಹಾಗಿರುವಾಗ ಹಾಗೆ ಕೇಳಬೇಕಾದವನು ಅಣ್ಣನೇ.

ಭಾನುವಾರ, ಅವನು ಮಧ್ಯಾಹ್ನದ ಊಟ ಮುಗಿಸುವ ಹೊತ್ತು ನೋಡಿ ಫೋನು ಮಾಡಿದೆ. ತಪ್ಪಾಯ್ತು ಕಣೋ ಅಂದೆ. ನನ್ನಿಂದ ಏನಾಗಬೇಕು ಹೇಳು ಅಂದೆ. ತುಂಬಾ ಹೊತ್ತು ಸುಮ್ಮನಿದ್ದ.

"ಅಣ್ಣ, ವರ್ಷಕ್ಕೆ ಹದಿನೈದು ದಿನ ಬಂದು ಅಮ್ಮನ್ನ ನೀನೇ ನೋಡ್ಕೋ. ಇವಳನ್ನೂ ಮಕ್ಕಳನ್ನೂ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ಬರ್ತೀನಿ. ಮದುವೆ ಆದ್ಮೇಲೆ ಎಲ್ಲೂ ಹೋಗಿಲ್ಲ."

ಇಲ್ಲಿನ ಕಾನೂನಿನಂತೆ ಪೂರ್ಣಾವಧಿ ನೌಕರನಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ. ಬರುವ ಜನವರಿಗೆ ಅದರಲ್ಲಿ 15 ದಿನ ಬರೆದುಕೊಟ್ಟಿದ್ದೇನೆ.