ಮಕ್ಕಳ ಮುಂದೆ ಕೋರ್ಟಿನ ಮಾತು ಬೇಡ ಅಂತೀರಲ್ಲ

ಈ ಸಲ ಮಂಡ್ಯಕ್ಕೆ ಹೋದಾಗ ಅಕ್ಕನ ಮಗ ಊಟಕ್ಕೆ ಕೂತಲ್ಲೇ ಫೋನ್ ತೋರಿಸಿ, "ಮಾವ, ಇವನೇ ಕೊಲೆ ಮಾಡಿದ್ದು" ಅಂದ. ಒಂಬತ್ತನೇ ಕ್ಲಾಸಿನ ಹುಡುಗ. ಯಾರು ಹೇಳಿದ್ದು ಅಂತ ಕೇಳಿದೆ. "ಎಲ್ಲಾ ರೀಲ್ಸಲ್ಲೂ ಬತ್ತಾ ಐತಲ್ಲ." ನಾನು ಮಾತು ಮುಂದುವರಿಸುವಷ್ಟರಲ್ಲಿ ಅಕ್ಕ ಗದರಿದಳು: "ಮಕ್ಕಳ ಮುಂದೆ ಕೊಲೆ ಗಿಲೆ ಅಂತ ಯಾಕ್ಲಾ, ಸುಮ್ನೆ ಉಣ್ಣು." ಗದರಿದ್ದು ನನಗೆ. ಹುಡುಗ ಒಂದು ಕೈಯಲ್ಲಿ ಮುದ್ದೆ ಮುರಿಯುತ್ತಾ ಇನ್ನೊಂದು ಕೈಯಲ್ಲಿ ಅದೇ ರೀಲ್ಸ್ ನೋಡುತ್ತಲೇ ಇದ್ದ.

ಇದೇ ನನಗೆ ತಡೆಯಲಾಗದ್ದು. ಮಕ್ಕಳು ನೋಡಬಹುದು, ಕೇಳಬಾರದು.

ನಾನಿರುವ ನ್ಯೂಜೆರ್ಸಿಯಲ್ಲಿ ಮಗಳ ಸ್ಕೂಲಲ್ಲಿ ಇದನ್ನೇ ಪಾಠ ಮಾಡಿದರು. ಮಾಜಿ ಹೆಂಡತಿಯನ್ನೂ ಅವಳ ಸ್ನೇಹಿತನನ್ನೂ ಕೊಂದ ಆರೋಪ ಹೊತ್ತಿದ್ದ ಅಮೆರಿಕದ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ಕೇಸು. ಟೀಚರು ಹಾಳೆಯ ಮಧ್ಯೆ ಗೀಟು ಎಳೆಸಿ, ಎಡಗಡೆ ಕೋರ್ಟಲ್ಲಿ ಸಾಕ್ಷಿ ಹೇಳಿದ್ದು, ಬಲಗಡೆ ಟೀವಿಯಲ್ಲಿ ಬಂದದ್ದು ಬರೀರಿ ಅಂದರಂತೆ. ಮಗಳಿಗೆ ಬಲಗಡೆ ಜಾಗ ಸಾಲದೆ ಹಾಳೆಯ ಹಿಂದಕ್ಕೂ ಬರೆದಿದ್ದಳು. 1995ರಲ್ಲಿ ಕ್ರಿಮಿನಲ್ ಕೋರ್ಟಿನ ಜ್ಯೂರಿ, ಅಂದರೆ ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನರ ಗುಂಪು, ಅವನನ್ನು ಖುಲಾಸೆ ಮಾಡಿತು. 1997ರಲ್ಲಿ ಸಿವಿಲ್ ಕೋರ್ಟಿನ ಜ್ಯೂರಿ ಆ ಎರಡು ಸಾವಿಗೂ ಅವನೇ ಹೊಣೆ ಅಂದಿತು. ಅದು ಹೇಗೆ ಅಂತ ಮನೆಗೆ ಬಂದು ನಮಗೇ ವಿವರಿಸಿದಳು: ಜೈಲಿಗೆ ಕಳಿಸಬೇಕಾದರೆ ಅನುಮಾನಕ್ಕೆ ಎಡೆ ಇಲ್ಲದಂತೆ ಸಾಬೀತಾಗಬೇಕು, ಪರಿಹಾರ ಕೊಡಿಸೋದಕ್ಕೆ ಯಾರ ಕಡೆ ಸಾಕ್ಷ್ಯದ ತೂಕ ಜಾಸ್ತಿ ಅಂತ ನೋಡಿದರೆ ಸಾಕು. ಮೊದಲ ಕೇಸಿನ ಜ್ಯೂರಿಯವರನ್ನು ಎಂಟು ತಿಂಗಳಿಗೂ ಜಾಸ್ತಿ ಹೋಟೆಲಲ್ಲೇ ಇಟ್ಟಿದ್ದರು, ಪೇಪರು ಟೀವಿ ಕಣ್ಣಿಗೆ ಬೀಳಬಾರದು ಅಂತ. ಈಗ ಎಲ್ಲರ ಜೇಬಲ್ಲೂ ಫೋನ್ ಇದೆ, ಈಗೇನು ಮಾಡೋದು ಅಂತ ಕ್ಲಾಸಲ್ಲಿ ಹುಡುಗರೇ ಜೋರಾಗಿ ವಾದ ಮಾಡಿದರಂತೆ.

ನಮ್ಮಲ್ಲೇನು ಕೇಸಿಗೆ ಬರವೇ? 1959ರ ನಾನಾವತಿ ಕೇಸು ತಗೊಳ್ಳಿ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿಯದ್ದು. ಬಾಂಬೆಯ ಬ್ಲಿಟ್ಜ್ ಪತ್ರಿಕೆ ಬಹಿರಂಗವಾಗಿ ಅವನ ಪರ ನಿಂತಿತು. ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ತಪ್ಪಿಲ್ಲ ಅಂದರು, ಹೈಕೋರ್ಟು ಅದನ್ನು ತಳ್ಳಿಹಾಕಿ ಜೀವಾವಧಿ ಶಿಕ್ಷೆ ಕೊಟ್ಟಿತು. ರೀಲ್ಸ್ ಹುಚ್ಚಿನ ಹುಡುಗರಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಾ? ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಹೆಸರು, ಗುರುತು ಬಯಲು ಮಾಡಿದರೆ ಎರಡು ವರ್ಷದ ತನಕ ಜೈಲು ಅಂತ ಈಗಿನ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಹೇಳುತ್ತದೆ. ಫೋಟೋ ಫಾರ್ವರ್ಡ್ ಮಾಡೋ ಎಷ್ಟು ಹುಡುಗರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದಾರೆ?

ಹಾಗಂತ ಇಲ್ಲಿ ಅಮೆರಿಕದವರದ್ದೆಲ್ಲ ಸರಿ ಅಂತಲ್ಲ. ಕೋರ್ಟೊಳಗೆ ಕ್ಯಾಮೆರಾ ಬಿಟ್ಟು ಸಿಂಪ್ಸನ್ ವಿಚಾರಣೆಯನ್ನು ಧಾರಾವಾಹಿ ಮಾಡಿದವರೂ ಇವರೇ. ನಮ್ಮಲ್ಲಿ ಈಗ ಜ್ಯೂರಿ ಇಲ್ಲ, ತೀರ್ಪು ಕೊಡೋರು ಕಾನೂನು ಓದಿದ ಜಡ್ಜು. ಅಷ್ಟರ ಮಟ್ಟಿಗೆ ನಮ್ಮೂರೇ ವಾಸಿ, ಒಪ್ಪಬೇಕು. ಅಕ್ಕನಿಗೂ ಮಗ ಕೆಡಬಾರದು ಅನ್ನೋ ಚಿಂತೆಯೇ. ಆದರೂ ಮಂಡ್ಯದಲ್ಲಿ ವಕೀಲರಿಗೇನು ಕಮ್ಮಿ? ಶನಿವಾರ ಬೆಳಗಿನ ಕ್ಲಾಸಿಗೆ ಒಬ್ಬರನ್ನ ಕರೆಸಿ, ಒಂದು ಹಳೇ ಕೇಸಿನ ತೀರ್ಪು ಓದಿಸಿ. ಹುಡುಗರು ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಡಲಿ.