ಹೌದು, ಅದು ಮಾಲೇ

ನಿನ್ನೆ ರಾತ್ರಿ ನಮ್ಮನೆಯಲ್ಲಿ ಆರು ಜನ ಕೂತು 'ಅನಿಯಾರಾ' ಅನ್ನುವ ಬಾಹ್ಯಾಕಾಶ ಹಡಗಿನ ಸಿನಿಮಾ ನೋಡಲು ಶುರು ಮಾಡಿದೆವು. ಕೊನೆವರೆಗೆ ನೋಡಿದ್ದು ನಾನೊಬ್ಬಳೇ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, "ಇದೇನು, ಯಾವುದೋ ಮಾಲ್‌ನಲ್ಲಿ ಶೂಟಿಂಗ್ ಮಾಡಿದ್ದಾರಲ್ಲ, ದುಡ್ಡಿರಲಿಲ್ವಾ ಇವರ ಹತ್ರ" ಅಂತ ಒಬ್ಬರು ಅಂದರು. ಎಲ್ಲರೂ ನಕ್ಕರು. ಆಮೇಲೆ ಊಟದ ಮಾತು, ಆಫೀಸಿನ ಮಾತು, ಟೀವಿ ಆಫ್. ಅವರೆಲ್ಲ ಹೊರಟ ಮೇಲೆ ನಾನು ಮತ್ತೆ ಮೊದಲಿಂದ ಹಾಕಿಕೊಂಡೆ. ಈಗ ಬೆಳಗಿನ ಜಾವ. ನಿದ್ದೆ ಬರುತ್ತಿಲ್ಲ, ಸಿಟ್ಟೂ ಇಳಿದಿಲ್ಲ.

ಹೌದು, ಅದು ಮಾಲೇ. 2018ರ ಸ್ವೀಡಿಷ್ ಚಿತ್ರ, ಪೆಲ್ಲಾ ಕೋಗರ್‌ಮನ್ ಮತ್ತು ಹ್ಯೂಗೊ ಲಿಲ್ಯಾ ನಿರ್ದೇಶನ. ಹಾಲಿವುಡ್ ಲೆಕ್ಕದಲ್ಲಿ ಅವರ ಕೈಲಿದ್ದ ದುಡ್ಡು ಏನೂ ಅಲ್ಲ. ನಿಜವಾದ ಮಾಲ್‌ಗಳಲ್ಲೇ ಚಿತ್ರೀಕರಣ ಮಾಡಿದ್ದಾರೆ. ಆದರೆ ಒಂದು ನಿಮಿಷ ಯೋಚಿಸಿ. ಭೂಮಿಯನ್ನು ಹಾಳು ಮಾಡಿ, ಮಂಗಳ ಗ್ರಹಕ್ಕೆ ಗುಳೆ ಹೊರಟವರು ಇವರು. ಮೂರು ವಾರದ ಪ್ರಯಾಣ. ಇಂಥವರಿಗೆ ಯಾರಾದರೂ ಹಡಗು ಕಟ್ಟಿದರೆ ಅದರಲ್ಲಿ ಏನಿರುತ್ತದೆ? ಅಂಗಡಿ, ಹೋಟೆಲು, ಈಜುಕೊಳ, ಮಕ್ಕಳಿಗೆ ಆಟ. ಬೆನ್ನ ಹಿಂದೆ ಬಿಟ್ಟು ಬಂದ ಭೂಮಿ ಇದೆ, ಒಳಗೆ ಜನ ಸಾಮಾನು ನೋಡುತ್ತಾ ಓಡಾಡುತ್ತಿದ್ದಾರೆ. ನಾವು ಭಾನುವಾರ ಮಾಡುವುದೂ ಅದನ್ನೇ ಅಲ್ವಾ? ಹೊಳೆಯುವ ಕಬ್ಬಿಣದ ಸುರಂಗ, ನೀಲಿ ದೀಪ ಎಲ್ಲ ಇಟ್ಟಿದ್ದರೆ ಅವರು ಬೇರೆ ಯಾರೋ ಅಂದುಕೊಂಡು ಆರಾಮಾಗಿ ನೋಡುತ್ತಿದ್ದೆವು. ಮಾಲ್ ಇಟ್ಟಿದ್ದಾರೆ, ಅದಕ್ಕೇ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಆಮೇಲೆ ಏನಾಗುತ್ತದೆ ಅಂತ ಎದ್ದು ಹೋದವರಿಗೆ ಹೇಳುತ್ತೇನೆ. ಅಡ್ಡ ಬಂದ ಯಾವುದೋ ಚೂರನ್ನು ತಪ್ಪಿಸಲು ಹೋಗಿ ಹಡಗು ದಾರಿ ತಪ್ಪುತ್ತದೆ. ಇಂಧನವನ್ನೆಲ್ಲ ಹೊರಗೆ ಬಿಡಬೇಕಾಗುತ್ತದೆ. ಎರಡು ವರ್ಷದೊಳಗೆ ಯಾವುದಾದರೂ ಗ್ರಹದ ಸೆಳೆತ ಹಿಡಿದು ತಿರುಗಿಸುತ್ತೇವೆ ಅಂತ ಕ್ಯಾಪ್ಟನ್ ಭರವಸೆ ಕೊಡುತ್ತಾನೆ. ಆ ದಾರಿಯಲ್ಲಿ ಅಂಥ ಗ್ರಹವೇ ಇಲ್ಲ. ಹಡಗಿನಲ್ಲಿರುವ ಖಗೋಳ ವಿಜ್ಞಾನಿಗೆ ಅದು ಗೊತ್ತು. ಆ ಮುದುಕಿ ಅದನ್ನು ಹೇಳುವ ರೀತಿಗೆ ನನ್ನ ಕೈಕಾಲು ತಣ್ಣಗಾಯಿತು. ಒಂದು ಸ್ಫೋಟ ತೋರಿಸಲಿಲ್ಲ, ಒಂದು ರೂಮು, ಇಬ್ಬರು ಹೆಂಗಸರು, ಅಷ್ಟೇ.

ಮತ್ತೆ ಮೀಮಾ. ಹಡಗಿನಲ್ಲಿ ಒಂದು ಕೋಣೆ ಇದೆ, ಅಲ್ಲಿ ಬೋರಲು ಮಲಗಿ ಕಣ್ಣು ಮುಚ್ಚಿದರೆ ಮೀಮಾ ಅನ್ನುವ ಯಂತ್ರ ನಿಮ್ಮ ನೆನಪಿನಿಂದಲೇ ಹಳೆಯ ಭೂಮಿಯನ್ನು ತೋರಿಸುತ್ತದೆ. ಕಾಡು, ನೀರು, ಹಕ್ಕಿ. ಮೊದಲು ಅಲ್ಲಿಗೆ ಹೋಗುವವರೇ ಇಲ್ಲ. ಮನೆ ಸೇರುವುದಿಲ್ಲ ಅಂತ ಗೊತ್ತಾದ ಮೇಲೆ ಸಾಲು ನಿಲ್ಲುತ್ತಾರೆ. ಅಷ್ಟೂ ಜನರ ದುಃಖ ಮೀಮಾ ಒಳಗೆ ಹೋಗುತ್ತದೆ. ಒಂದು ದಿನ ತಡೆಯಲಾರದೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ.

ನಮ್ಮದು ಮುಳುಗಡೆಯವರ ಮನೆ ಅಂತ ನಿಮಗೆಲ್ಲ ಗೊತ್ತೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅಜ್ಜಿಯ ಊರು ನೀರಿನಡಿ ಹೋಯಿತು. ತೋಟದ ಕಥೆ, ಲಾರಿ ಹತ್ತಿದ ದಿನದ ಕಥೆ, ಹಿಂದೆಯೇ ಓಡಿ ಬಂದ ದನದ ಕಥೆ, ಇವನ್ನು ನಾನು ಅಜ್ಜಿ ಹತ್ತಿರ ಅದೆಷ್ಟು ಸಲ ಹೇಳಿಸಿದ್ದೇನೋ. ಸ್ನೇಹಿತರನ್ನು ಕರೆದುಕೊಂಡು ಹೋಗಿ ಹೇಳಿಸಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೇಳುವವರಿಗೆ ಅದು ಚೆಂದ. ಕೊನೆಕೊನೆಗೆ ಅಜ್ಜಿ "ಸಾಕೇ ತಂಗಿ" ಅಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಆಗಲೂ ನಾನು ಬಿಡಲಿಲ್ಲ, ಇನ್ನೊಂದೇ ಸಲ ಅಂದೆ. ನಿನ್ನೆ ಮೀಮಾ ಕೋಣೆಯ ದೀಪ ಆರಿದಾಗ ನನಗೆ ಕಂಡದ್ದು ಆ ಬೆನ್ನು. ತುಂಬಾ ಹೊತ್ತು ಅತ್ತೆ.

ಇದೆಲ್ಲ ಮಾಲ್ ಅಂತ ನಕ್ಕು ಎದ್ದುಹೋದವರಿಗೆ ಹೇಗೆ ಸಿಗಬೇಕು?

ನಿಧಾನ ಇದೆ ಅಂತೀರಿ. ಇದೆ. ಮಧ್ಯದಲ್ಲಿ ಜನ ಪಂಥ ಕಟ್ಟಿಕೊಂಡು ಕುಣಿಯುವ ಭಾಗ ನನಗೂ ಜಾಸ್ತಿ ಅನ್ನಿಸಿತು. ದುಡ್ಡು ಕೊಟ್ಟು ನೋಡುವವರು ಒಳ್ಳೆಯ ಗ್ರಾಫಿಕ್ಸ್ ಕೇಳುವುದು ತಪ್ಪಾ ಅಂತಲೂ ಕೇಳಬಹುದು. ತಪ್ಪೇನಿಲ್ಲ, ನನಗೂ ಇಷ್ಟವೇ. ಆದರೆ ಅದಿಲ್ಲ ಅಂದ ತಕ್ಷಣ ಉಳಿದದ್ದನ್ನು ನೋಡುವುದೇ ಇಲ್ಲ ಅನ್ನುವುದು ಯಾವ ನ್ಯಾಯ? ಯಕ್ಷಗಾನದಲ್ಲಿ ಯುದ್ಧಕ್ಕೆ ರಥ ಬರಲಿಲ್ಲ ಅಂತ ಯಾರಾದರೂ ಎದ್ದು ಹೋಗುತ್ತಾರಾ?

ಇದರ ಮೂಲ ಒಂದು ಕಾವ್ಯ. ಹ್ಯಾರಿ ಮಾರ್ಟಿನ್ಸನ್ 1956ರಲ್ಲಿ ಪ್ರಕಟಿಸಿದ್ದು, 103 ಹಾಡುಗಳು. ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡರು, ಅಮ್ಮ ಮಕ್ಕಳನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಯಾರ್‍ಯಾರದೋ ಮನೆಯಲ್ಲಿ ಬೆಳೆದು, ಆಮೇಲೆ ಹಡಗುಗಳಲ್ಲಿ ದುಡಿದವರು. 1974ರಲ್ಲಿ ನೊಬೆಲ್ ಹಂಚಿಕೊಂಡರು. ಬಿಟ್ಟು ಹೊರಟವರ ಹಡಗು ಅವರಿಗೆ ಸುಮ್ನೆ ಹೊಳೆದ ಕಲ್ಪನೆ ಅಂತ ನನಗೆ ಅನ್ನಿಸುವುದಿಲ್ಲ. ಅವರ ಕಾವ್ಯದಲ್ಲೊಂದು ಮಾತು ಬರುತ್ತದೆ, ಗಾಜಿನೊಳಗೆ ಸಿಕ್ಕಿದ ಗುಳ್ಳೆ ಹೇಗೆ ಕಾಣದಷ್ಟು ನಿಧಾನಕ್ಕೆ ಸರಿಯುತ್ತದೋ ಈ ಹಡಗೂ ಹಾಗೇ ಅಂತ. ಇದಕ್ಕೆ ಎಷ್ಟು ಕೋಟಿಯ ಗ್ರಾಫಿಕ್ಸ್ ಬೇಕು ಹೇಳಿ.

ಶನಿವಾರ ರಾತ್ರಿ ಮತ್ತೆ ಹಾಕುತ್ತೇನೆ. ಎಲ್ಲರೂ ಬನ್ನಿ, ಫೋನು ಹೊರಗಿನ ಕೋಣೆಯಲ್ಲಿಡಿ. ಚಿತ್ರದ ಪ್ರತಿ ಅಧ್ಯಾಯಕ್ಕೂ ಎಷ್ಟು ಸಮಯ ಕಳೆಯಿತು ಅಂತ ಹಾಕಿದ್ದಾರೆ. ನೀವು ಎದ್ದು ಹೋದದ್ದು ಮೂರನೇ ವಾರದಲ್ಲಿ. ಕೊನೆಯ ಅಧ್ಯಾಯ ಶುರುವಾಗುವುದು 59,81,407ನೇ ವರ್ಷದಲ್ಲಿ.